ಹರಕೆಯ ಫೋರ್ಡು

ಕುಳಿತುಕೊಳ್ಳಿ ಎಂದು ಇಮ್ಯಾನುಯೆಲ್ ಹೇಳಲಿಲ್ಲ. ಜಾಗ ಇರಲಿಲ್ಲವೆಂದಲ್ಲ. ಶೆಡ್ಡಿನ ಬಾಗಿಲಲ್ಲೇ ಒಂದು ಸ್ಟೂಲಿತ್ತು, ಅದರ ಮೇಲಿನ ಎರಡು ಉಳಿಗಳನ್ನು ಎತ್ತಿಟ್ಟರೆ ಸಾಕಿತ್ತು. ಅವನು ಎತ್ತಲಿಲ್ಲ. ಉಡುಪಿಯ ಟ್ಯಾಕ್ಸಿ ಧಣಿ ರಘುಪತಿ ರಾಯರು ಪಂಚೆಯ ತುದಿಯನ್ನು ಕೈಯಲ್ಲಿ ಹಿಡಿದುಕೊಂಡು, ಮರದ ಹೊಟ್ಟಿನ ನಡುವೆ ಕಾಲಿಡಲು ಜಾಗ ಹುಡುಕುತ್ತ ನಿಂತಿದ್ದರು. ಎಂಟು ವರ್ಷಗಳಲ್ಲಿ ಅವರು ಉದ್ಯಾವರದ ಈ ಶೆಡ್ಡಿಗೆ ಬಂದದ್ದು ಇದೇ ಮೊದಲು.

"ಪೊರ್ಬುಗಳೇ, ಒಂದು ಕೆಲಸ ಉಂಟು," ಎಂದರು ರಾಯರು, ಕ್ರೈಸ್ತರನ್ನು ನಮ್ಮ ಕಡೆ ಕರೆಯುವ ಹಾಗೆ. "ನೀವೇ ಮಾಡಬೇಕು. ಬೇರೆಯವರಿಂದ ಆಗುವುದಿಲ್ಲ."

"ನಿಮ್ಮ ಕೆಲಸ ಬಿಟ್ಟು ಎಂಟು ವರ್ಷ ಆಯಿತು ರಾಯರೇ."

"ಗೊತ್ತುಂಟು. ಇದು ನನ್ನ ಕೆಲಸ ಅಲ್ಲ. ಅತ್ತೂರು ಚರ್ಚಿನ ಸಂತರದ್ದು."

ಗೋಡೆಯ ಆಚೆಯಿಂದ ಗರಗಸದ ಹಲ್ಲಿಗೆ ಅರ ತಿಕ್ಕುವ ಸದ್ದು ಬರುತ್ತಿತ್ತು. ರಾಯರ ಮಾತು ಕೇಳಿಸಿದ್ದೇ ಅದು ನಿಂತಿತು. ಅಲ್ಲಿ ಕುಳಿತಿದ್ದವನು ಇಮ್ಯಾನುಯೆಲನ ತಮ್ಮ ಲೂಯಿಸ್. ಒಂದು ಕಾಲದಲ್ಲಿ ಇದೇ ರಾಯರ ಫೋರ್ಡು ಕಾರಿನ ಡ್ರೈವರನಾಗಿದ್ದವನು.

ರಾಯರು ದನಿ ತಗ್ಗಿಸಿದರು. "ಆ ದಿವಸ ಹೊಳೆಯ ಕಡವಿನ ಮೇಲೆ ನಿಂತು ಹೇಳಿದ್ದು. ಮನೋರಮಾ ನೀರಿನ ಒಳಗೆ ಇದ್ದಳು. ಮಗಳು ಉಳಿದರೆ ಈ ಕಾರನ್ನೇ ತಂದು ನಿನ್ನ ಎದುರು ಇಡುತ್ತೇನೆ ಅಂತ ಅತ್ತೂರಿಗೆ ಹರಕೆ ಹೇಳಿದೆ. ಬಾಯಿಗೆ ಬಂದದ್ದು ಅದೇ. ಮಗಳು ಉಳಿದಳು, ಕಾರು ಗುಜರಿಗೆ ಹೋಯಿತು. ಈಗ ಅವಳಿಗೆ ಮದುವೆ ಗೊತ್ತಾಗಿದೆ. ಹರಕೆ ಬಾಕಿ ಇಟ್ಟು ಧಾರೆ ಎರೆಯುವುದಿಲ್ಲ ಅಂತ ಅವಳ ತಾಯಿ ನಳಿನಾಕ್ಷಿ ಹಟ ಹಿಡಿದಿದ್ದಾಳೆ. ಅಲ್ಲಿಯ ಪಾದ್ರಿಗಳನ್ನು ಕೇಳಿದೆ. ಮರದಲ್ಲಿ ಚಿಕ್ಕದಾಗಿ ಮಾಡಿ ಕೊಟ್ಟರೂ ಆಗುತ್ತದೆ ಅಂದರು."

"ಉಡುಪಿಯಲ್ಲಿ ಬಣ್ಣದ ಆಟಿಕೆ ಮಾಡುವವರು ಇದ್ದಾರಲ್ಲ."

"ನಾನು ಹೇಳಿದ್ದು ಈ ಕಾರು ಅಂತ. ಕಾರಿನ ಹಾಗೆ ಕಾಣುವ ಆಟಿಕೆ ಅಂತ ಅಲ್ಲ. ಇದ್ದ ಹಾಗೆಯೇ ಇರಬೇಕು. ಒಂದು ಮೊಳೆ ಹೆಚ್ಚು ಕಡಿಮೆ ಆದರೂ ಸಲ್ಲುವುದಿಲ್ಲ."

"ಆ ದಿವಸ ಇದ್ದ ಹಾಗೆಯೇ?"

ರಾಯರು ತಲೆಯೆತ್ತಿ ನೋಡಿದರು. ಈ ಪ್ರಶ್ನೆಯಲ್ಲಿ ಏನಿದೆ ಎಂದು ಅವರಿಗೆ ಗೊತ್ತಿತ್ತು. ಆದರೂ ಕಣ್ಣು ಕೆಳಗೆ ಹಾಕಲಿಲ್ಲ. "ಆ ದಿವಸ ಇದ್ದ ಹಾಗೆಯೇ," ಎಂದರು.

"ಆಗಲಿ. ಮೂರು ವಾರ ಬಿಟ್ಟು ಆದಿತ್ಯವಾರ ಬನ್ನಿ," ಎಂದ ಇಮ್ಯಾನುಯೆಲ್. ಅವನ ಬಾಯಿಂದ ಆ ಮಾತು ಬಂದದ್ದು ಭಕ್ತಿಯಿಂದಲ್ಲ, ರಾಯರ ಮೇಲಿನ ಪ್ರೀತಿಯಿಂದ ಮೊದಲೇ ಅಲ್ಲ. ಎಂಟು ವರ್ಷ ಒಳಗೇ ಕುದಿಯುತ್ತಿದ್ದ ಸಿಟ್ಟಿಗೆ ಈಗ ತಾನಾಗಿಯೇ ಒಂದು ದಾರಿ ಸಿಕ್ಕಿತ್ತು.

ಇಮ್ಯಾನುಯೆಲ್ ಮೋಟಾರು ಬಾಡಿ ಕಟ್ಟುವ ಬಡಗಿ. ಬರೀ ಚಾಸಿ ಮತ್ತು ಎಂಜಿನ್ ತಂದುಕೊಟ್ಟರೆ ಅದರ ಮೇಲೆ ಹಲಸಿನ ಮರದ ಚೌಕಟ್ಟು ನಿಲ್ಲಿಸಿ, ತಗಡು ಹೊದಿಸಿ, ಸೀಟು ಕೂರಿಸಿ, ಹತ್ತು ಜನ ಕೂರುವ ಟ್ಯಾಕ್ಸಿ ಮಾಡಿ ಕೊಡುತ್ತಿದ್ದ. ಅವನ ಕೈಯಲ್ಲಿ ಕೂಡಿದ ಎರಡು ಹಲಗೆಗಳ ನಡುವೆ ಕೂದಲು ತೂರದು ಎಂದು ಕಾಪುವಿನಿಂದ ಕಾರ್ಕಳದವರೆಗೆ ಹೆಸರಿತ್ತು. ಆ ಹೆಸರನ್ನು ಊರವರಿಗಿಂತ ಹೆಚ್ಚು ನಂಬಿದ್ದವನು ಅವನೇ.

ಆಗ ನಮ್ಮ ಕಡೆಯ ಹೊಳೆಗಳಿಗೆ ಸೇತುವೆಗಳಿರಲಿಲ್ಲ. ಎರಡು ದೋಣಿಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿ, ಕಾರುಗಳನ್ನು ದಾಟಿಸುತ್ತಿದ್ದರು. ಜೋಡುದೋಣಿಯ ಮೇಲೆ ಒಂದು ಕಾರಿಗೆ ಮಾತ್ರ ಜಾಗ. ಮೊದಲು ಬಂದವನು ದಾಟಿದ, ಎರಡನೆಯವನು ಒಂದು ಗಂಟೆ ಕಡವಿನಲ್ಲಿ ನೊಣ ಹೊಡೆಯುತ್ತ ಕುಳಿತ. ಹಾಗಾಗಿ ಕಾಪು ಸ್ಟ್ಯಾಂಡು ಬಿಟ್ಟಲ್ಲಿಂದ ಹೊಳೆಯವರೆಗೆ ಟ್ಯಾಕ್ಸಿಗಳು ಪ್ರಾಣ ಬಿಟ್ಟು ಓಡುತ್ತಿದ್ದವು. ಕ್ರಮೇಣ ಅದು ಪಂದ್ಯವೇ ಆಯಿತು. ಧಣಿಗಳು ಕಡವಿನಲ್ಲಿ ಗಡಿಯಾರ ಹಿಡಿದು ನಿಲ್ಲುತ್ತಿದ್ದರು. ಯಾವ ಕಾರು ಎಷ್ಟು ದಿನ ಸೋಲದೆ ಓಡಿತು ಎಂಬ ಲೆಕ್ಕ ಶಾಲೆಯ ಮಕ್ಕಳಿಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಗೆ ಬರುತ್ತಿತ್ತು. ಅತ್ತ ಕಾರಿನೊಳಗಿದ್ದ ಪ್ರಯಾಣಿಕರು ಜಪಸರವನ್ನೋ ರಾಮನಾಮವನ್ನೋ ಹಿಡಿದುಕೊಂಡಿರುತ್ತಿದ್ದರು.

ಆ ಕಾಲ ಮುಗಿಯಿತು. ಸೇತುವೆ ಬಂತು, ಕಡವು ಹಾಳು ಬಿತ್ತು, ಓಡಿದ ಕಾರುಗಳು ಒಂದೊಂದಾಗಿ ಗುಜರಿ ಸೇರಿದವು. ಇಮ್ಯಾನುಯೆಲ್ ಮಾತ್ರ ಅವನ್ನು ಬಿಡಲಿಲ್ಲ. ಆದಿತ್ಯವಾರ ಪೂಜೆ ಮುಗಿಸಿ ಬಂದು, ಅಡಿಗೆ ಒಂದು ಇಂಚಿನಂತೆ ಅಳತೆ ಇಳಿಸಿ, ಹಲಸಿನ ಚೂರು ಮತ್ತು ಬಿಸ್ಕತ್ತು ಡಬ್ಬಿಯ ತಗಡಿನಲ್ಲಿ ಆ ಕಾರುಗಳನ್ನು ಮರಳಿ ಕಟ್ಟುತ್ತಿದ್ದ. ಹಳೆ ಚಪ್ಪಲಿಯ ರಬ್ಬರಿನಿಂದ ಟಯರು, ಗಾಜಿನ ಮಣಿಯಿಂದ ದೀಪ. ಗೋಡೆಯ ಹಲಗೆಯ ಮೇಲೆ ಹನ್ನೊಂದು ಕಾರುಗಳು ಸಾಲಾಗಿ ನಿಂತಿದ್ದವು. ಬಾಗಿಲು ತೆರೆಯುತ್ತಿತ್ತು, ಸ್ಟೇರಿಂಗು ತಿರುಗಿದರೆ ಚಕ್ರ ತಿರುಗುತ್ತಿತ್ತು. ನೋಡಲು ಬಂದವರೆಲ್ಲ ಹೊಗಳಿ, ಕೊನೆಗೊಂದು ಪ್ರಶ್ನೆಯನ್ನು ನುಂಗಿಕೊಂಡು ಹೋಗುತ್ತಿದ್ದರು. ಎಲ್ಲಕ್ಕಿಂತ ಹೆಚ್ಚು ಗೆದ್ದ ಕಾರು ರಾಯರ ಮೂವತ್ತಾರನೆಯ ಇಸವಿಯ ಫೋರ್ಡು. ಅದು ಆ ಸಾಲಿನಲ್ಲಿರಲಿಲ್ಲ.

ಐವತ್ತೈದನೆಯ ಇಸವಿಯ ಡಿಸೆಂಬರ್‌ನಲ್ಲಿ, ಒಂದು ಬೆಳಿಗ್ಗೆ, ಲೂಯಿಸ್ ಆ ಫೋರ್ಡನ್ನು ಕಡವಿನ ಇಳಿಜಾರಿನಲ್ಲಿ ನಿಲ್ಲಿಸಲಾರದೆ ಹೋದ. ಕಾಪುವಿನ ಒಬ್ಬರ ಡಾಜ್ ಕಾರು ಹಿಂದೆಯೇ ಅಟ್ಟಿಸಿಕೊಂಡು ಬರುತ್ತಿತ್ತು. ಫೋರ್ಡು ಜೋಡುದೋಣಿಯ ಮೇಲೆ ಹಾದು, ಮುಂದುಗಡೆ ಹಗ್ಗ ಹಿಡಿದು ನಿಂತಿದ್ದ ಭೋಜ ಎಂಬ ದೋಣಿಯವನನ್ನು ಎತ್ತಿಕೊಂಡು ಹೊಳೆಗೆ ಬಿತ್ತು. ಒಳಗಿದ್ದ ಹನ್ನೊಂದು ಜನರನ್ನೂ ಎಳೆದು ಹಾಕಿದರು. ಅವರಲ್ಲಿ ರಾಯರ ಹನ್ನೆರಡು ವರ್ಷದ ಮಗಳೂ ಇದ್ದಳು. ಭೋಜ ಮಾತ್ರ ಉಳಿಯಲಿಲ್ಲ.

"ತುಳಿದೆ. ಪೆಡಲು ಅರ್ಧಕ್ಕೆ ಹೋಗಿ ನಿಂತಿತು. ಗೋಡೆ ತುಳಿದ ಹಾಗೆ," ಎಂದು ಲೂಯಿಸ್ ಹೇಳಿದ. ಅದನ್ನು ಕೇಳಿ ಮೆಕ್ಯಾನಿಕ್ಕುಗಳು ನಕ್ಕರು. ಬ್ರೇಕು ಹಿಡಿಯದಿದ್ದರೆ ಪೆಡಲು ತಳಕ್ಕೆ ಹೋಗಬೇಕು, ಅರ್ಧಕ್ಕೆ ನಿಲ್ಲುವುದು ಹೇಗೆ? ಬ್ರೇಕ್ ಇನ್ಸ್‌ಪೆಕ್ಟರು ಬಂದು, ಕಾರಿನ ಒಳಗಿನ ನೆಲಹಲಗೆಗಳನ್ನು ಎತ್ತಿ ಹಾಕಿಸಿ, ಪೆಡಲು ಒತ್ತಿ ನೋಡಿದ. ಲೈನಿಂಗು ಸವೆದಿದೆ, ಆದರೆ ಬ್ರೇಕು ಹಿಡಿಯುತ್ತದೆ ಎಂದು ಬರೆದ. ಲೂಯಿಸನ ಬಾಯಿಯಲ್ಲಿ ಸಾರಾಯಿ ವಾಸನೆಯಿತ್ತು. ನೀರಿನಿಂದ ಎತ್ತಿದವರೇ ಚಳಿಗೆಂದು ಒಂದು ಗುಟುಕು ಕುಡಿಸಿದ್ದರು. ಆದರೆ ಅದು ಪಾನನಿರೋಧದ ಕಾಲ. ಕುಡಿಸಿದ್ದು ನಾವು ಎಂದು ಕೋರ್ಟಿನಲ್ಲಿ ಹೇಳಿ ಜೈಲಿಗೆ ಹೋಗಲು ಯಾರಿಗೆ ಹುಚ್ಚು ಹಿಡಿದಿತ್ತು? ಲೂಯಿಸ್ ಕಣ್ಣೂರಿನ ಜೈಲಿನಲ್ಲಿ ಹದಿನೆಂಟು ತಿಂಗಳು ಕಳೆದು ಬಂದ. ಬಂದವನು ಮತ್ತೆ ಕಾರು ಹತ್ತಲಿಲ್ಲ. ಉಡುಪಿಗೂ ನಡೆದೇ ಹೋಗುತ್ತಿದ್ದ.

ಇಮ್ಯಾನುಯೆಲ್ ಇದಕ್ಕೆಲ್ಲ ತನ್ನದೇ ಒಂದು ಉತ್ತರ ಕಂಡುಕೊಂಡಿದ್ದ. ರಾಯರು ಬ್ರೇಕು ರಿಪೇರಿ ಮಾಡಿಸದೆ ಕಾರು ಓಡಿಸಿದರು, ಇನ್ಸ್‌ಪೆಕ್ಟರು ಬರುವುದಕ್ಕೆ ಮೊದಲು ಗುಟ್ಟಾಗಿ ಸರಿಮಾಡಿಸಿಟ್ಟರು. ಇದನ್ನು ಅವನು ಚರ್ಚಿನ ಅಂಗಳದಲ್ಲಿ ಹೇಳಿದ, ಮೀನಿನ ಮಾರ್ಕೆಟ್ಟಿನಲ್ಲಿ ಹೇಳಿದ, ಕ್ಷೌರಕ್ಕೆ ಕುಳಿತಲ್ಲಿಯೂ ಹೇಳಿದ. ಎಂಟು ವರ್ಷ ಹೇಳಿ ಹೇಳಿ ಅರ್ಧ ಊರು ಅದನ್ನು ನಂಬಿತ್ತು.

ಈಗ ರಾಯರೇ ಬಂದು ಇದ್ದ ಹಾಗೆಯೇ ಬೇಕು ಎಂದಿದ್ದಾರೆ. ಕೊಡುತ್ತೇನೆ, ಎಂದುಕೊಂಡ ಇಮ್ಯಾನುಯೆಲ್. ಈ ಕಾರನ್ನು ಅಡಿಗೆ ಎರಡು ಇಂಚಿನಂತೆ ದೊಡ್ಡದಾಗಿಯೇ ಕಟ್ಟುತ್ತೇನೆ. ಎಲ್ಲವೂ ಇರುತ್ತದೆ, ಬ್ರೇಕು ಮಾತ್ರ ಇರುವುದಿಲ್ಲ. ಪೆಡಲು ಇರುತ್ತದೆ, ಒತ್ತಿದರೆ ಸೀದಾ ತಳಕ್ಕೆ ಹೋಗುತ್ತದೆ, ಅದರ ಕೆಳಗೆ ಸರಳೂ ಇಲ್ಲ, ತಂತಿಯೂ ಇಲ್ಲ. ರಾಯರು ತಮ್ಮ ಕೈಯಾರೆ ಆ ಪಾಪವನ್ನು ಹೊತ್ತುಕೊಂಡು ಹೋಗಿ ಸಂತರ ಮುಂದೆ ಇಡಲಿ.

"ಊಟಕ್ಕೆ ಬನ್ನಿ," ಎಂದು ಹೆಂಡತಿ ಒಲಿಂಡಾ ಕರೆದರೆ ಅವನಿಗೆ ಕೇಳಿಸುತ್ತಿರಲಿಲ್ಲ. ಮೂರು ವಾರ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಅಷ್ಟು ಹುರುಪಿನಿಂದ ಅವನು ಏನನ್ನಾದರೂ ಕಟ್ಟಿ ಎಷ್ಟೋ ಕಾಲವಾಗಿತ್ತು. ಸಿಟ್ಟು ಅವನ ಕೈಗೆ ಚೆನ್ನಾಗಿ ಒಗ್ಗುತ್ತಿತ್ತು.

ಅಳತೆಗೆ ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಇಮ್ಯಾನುಯೆಲ್ ಅಳತೆಯನ್ನು ಪುಸ್ತಕದಲ್ಲಿ ಬರೆದಿಡುವವನಲ್ಲ. ಒಂದೊಂದು ಕಾರಿಗೂ ಒಂದೊಂದು ಅಡಕೆ ದಬ್ಬೆ, ಅಡಕೆ ಮರದಿಂದ ಸೀಳಿದ ತೆಳ್ಳಗಿನ ಪಟ್ಟಿ. ಬಾಗಿಲಿನ ಅಗಲ, ಸೀಟಿನ ಎತ್ತರ, ಕಿಟಕಿ, ನೆಲಹಲಗೆ, ಎಲ್ಲವನ್ನೂ ಕಾರಿನಲ್ಲೇ ದಬ್ಬೆ ಹಿಡಿದು ಚೂರಿಯಲ್ಲಿ ಗೀರಿ ಗುರುತು ಹಾಕುತ್ತಿದ್ದ. ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪದ. ಇಪ್ಪತ್ತು ವರ್ಷಗಳ ದಬ್ಬೆಗಳು ಶೆಡ್ಡಿನ ಮಾಡಿನ ಸಂದಿಯಲ್ಲಿ ಸಾಲಾಗಿ ಸಿಕ್ಕಿಸಿಕೊಂಡಿದ್ದವು. ಫೋರ್ಡಿನದು ಹೊಗೆ ಹಿಡಿದು ಕಪ್ಪಾಗಿತ್ತು, ಆದರೆ ಗೀರುಗಳು ಬೆರಳಿಗೆ ಸಿಗುತ್ತಿದ್ದವು.

ಕಬ್ಬಿಣದ ಭಾಗಗಳ ಅಳತೆಗೆ ಮಾತ್ರ ಅಲೆವೂರಿಗೆ ಹೋದ. ಅಲ್ಲಿ ಒಬ್ಬ ರೈತ ಗದ್ದೆಗೆ ನೀರೆತ್ತಲು ಗುಜರಿಯಿಂದ ಆ ಫೋರ್ಡಿನ ಎಂಜಿನ್ ಕೊಂಡಿದ್ದ. ಚಾಸಿ ಗೇರುಮರದ ಕೆಳಗೆ ಬಿದ್ದಿತ್ತು. ಕೋಳಿಗಳು ಅದರ ಮೇಲೆ ಕುಳಿತು ಹೇಸಿಗೆ ಮಾಡಿದ್ದವು. ಮರದ ಬಾಡಿ ಎಂದೋ ಒಲೆಗೆ ಹೋಗಿತ್ತು. ಪೆಡಲುಗಳು ಮಾತ್ರ ತುಕ್ಕು ಹಿಡಿದು ಆಕಾಶ ನೋಡುತ್ತಿದ್ದವು. ಇಮ್ಯಾನುಯೆಲ್ ಸೀಮೆಎಣ್ಣೆ ಹಾಕಿ, ಸುತ್ತಿಗೆಯಿಂದ ತಟ್ಟಿ, ಬ್ರೇಕಿನ ಪೆಡಲನ್ನು ಸಡಿಲಿಸಿದ. ತುದಿಯಿಂದ ತುದಿಗೆ ಅದು ಎಷ್ಟು ದೂರ ಹೋಗುತ್ತದೆಂದು ಅಳೆದ. ಮೂರೂವರೆ ಇಂಚು.

ಕಾರು ಮುಗಿದದ್ದು ರಾಯರು ಬರಬೇಕಿದ್ದ ಆದಿತ್ಯವಾರದಂದೇ, ಬೆಳಗಿನ ಪೂಜೆಯಿಂದ ಬಂದ ಮೇಲೆ. ಎರಡೂವರೆ ಅಡಿ ಉದ್ದದ, ಹೊಳೆಯುವ ಕಡು ಹಸಿರು ಫೋರ್ಡು. ಎಡಗಡೆಯ ಮಡ್‌ಗಾರ್ಡಿನ ತಗ್ಗು ಕೂಡ ಇದ್ದಲ್ಲೇ ಇತ್ತು. ನೆಲಹಲಗೆಗಳನ್ನು ಎತ್ತಲು ಬರುವಂತೆ ಮಾಡಿದ್ದ, ನಿಜವಾದದ್ದರಲ್ಲಿ ಇದ್ದ ಹಾಗೆ. ಪೆಡಲಿನ ಕಡ್ಡಿ ಹಾದುಹೋಗುವ ಸೀಳನ್ನು ದಬ್ಬೆಯ ಗೀರಿನಿಂದ ಇಳಿಸಿ ಕೊರೆದಿದ್ದ. ಹಲಗೆ ಕೂರಿಸಿ, ಬಾಗಿಲು ತೆರೆದು, ಕಿರುಬೆರಳನ್ನು ಒಳಗೆ ತೂರಿಸಿ, ನಗುತ್ತ ಬ್ರೇಕಿನ ಪೆಡಲು ಒತ್ತಿದ.

ಪೆಡಲು ಅರ್ಧಕ್ಕೆ ಹೋಗಿ ನಿಂತಿತು.

ಎಲ್ಲೋ ಅಂಟು ಸೋರಿರಬೇಕೆಂದುಕೊಂಡ. ಹಲಗೆ ಎತ್ತಿ ಒತ್ತಿದ. ಪೆಡಲು ಸಲೀಸಾಗಿ ಕೊನೆಯವರೆಗೆ ಹೋಯಿತು. ಹಲಗೆ ಮತ್ತೆ ಕೂರಿಸಿ ಒತ್ತಿದ. ಅರ್ಧಕ್ಕೆ ನಿಂತಿತು. ಕಡ್ಡಿ ಸೀಳಿನ ತುದಿಗೆ ತಾಗಿ, ಗಟ್ಟಿಯಾಗಿ, ಗೋಡೆ ತುಳಿದ ಹಾಗೆ ನಿಲ್ಲುತ್ತಿತ್ತು. ಅವನು ದಬ್ಬೆಯನ್ನು ತೆಗೆದು ಬೆಳಕಿಗೆ ಹಿಡಿದ. ಎರಡು ಗೀರುಗಳು, ಪಕ್ಕದಲ್ಲಿ ಅವನದೇ ಕೈಬರಹದಲ್ಲಿ 'ಪೆಡಲು'. ನಡುವಿನ ಅಂತರ ಎರಡು ಇಂಚು.

ಇಮ್ಯಾನುಯೆಲನಿಗೆ ಆಗ ಎಲ್ಲವೂ ನೆನಪಿಗೆ ಬಂತು. ಅಪಘಾತಕ್ಕೆ ಎರಡು ತಿಂಗಳ ಹಿಂದೆ ನೆಲಹಲಗೆಗಳನ್ನು ಹೊಸದಾಗಿ ಹಾಕಿದವನು ಅವನೇ. ಹಳೆಯ ಸೀಳು ಅಗಲವಾಗಿ ಬಾಯಿ ಬಿಟ್ಟಿತ್ತು, ಅದರಿಂದ ಧೂಳು ಒಳಗೆ ಬರುತ್ತದೆ ಎಂದು ಪ್ರಯಾಣಿಕರು ಗೊಣಗುತ್ತಿದ್ದರು. ಆ ವಾರವಷ್ಟೇ ಬ್ರೇಕು ಬಿಗಿ ಮಾಡಿಸಿ ತಂದಿದ್ದರು. ಲೂಯಿಸನನ್ನು ಕೂರಿಸಿ, ತುಳಿ ಎಂದು ಹೇಳಿ, ಪೆಡಲು ಎಲ್ಲಿಯವರೆಗೆ ಬರುತ್ತದೋ ಅಲ್ಲಿಗೇ ಸರಿಯಾಗಿ ಗೀರು ಹಾಕಿದ್ದ. ಅದರ ಮೇಲೆ ಒಂದು ನೂಲು ಜಾಗ ಬಿಡಲಿಲ್ಲ. ಬ್ರೇಕಿನ ಲೈನಿಂಗು ಸವೆದಂತೆ ಪೆಡಲು ಇನ್ನಷ್ಟು ಕೆಳಗೆ ಹೋಗಬೇಕಾಗುತ್ತದೆ ಎಂದು ಅವನಿಗೆ ಹೊಳೆಯಲಿಲ್ಲ. ಅವನು ನೋಡಿದ್ದು ಒಂದೇ: ಗಾಳಿ ಕೂಡ ನುಸುಳದಂತೆ ಕೂತ ಹಲಗೆ. ಅದನ್ನು ರಾಯರಿಗೆ ತೋರಿಸಿ ಹೊಗಳಿಸಿಕೊಂಡಿದ್ದ.

ಅಪಘಾತಕ್ಕೆ ಒಂದು ವಾರದ ಹಿಂದೆ ಊಟಕ್ಕೆ ಕುಳಿತಾಗ ಲೂಯಿಸ್, "ಯಾಕೋ ಪೆಡಲು ಗಟ್ಟಿ ಆಗುತ್ತಾ ಉಂಟು," ಎಂದಿದ್ದ. "ಅದು ಮೆಕ್ಯಾನಿಕ್ಕಿಗೆ ಹೇಳು. ನನ್ನದು ಮರದ ಕೆಲಸ," ಎಂದು ಇವನು ಸಾರು ಸುರಿದುಕೊಂಡಿದ್ದ. ಮೆಕ್ಯಾನಿಕ್ಕನಾಗಲಿ ಇನ್ಸ್‌ಪೆಕ್ಟರಾಗಲಿ ಪೆಡಲು ನೋಡುವುದು ಹಲಗೆ ಎತ್ತಿದ ಮೇಲೆ. ಹಲಗೆ ಎತ್ತಿದರೆ ತಪ್ಪೂ ಅದರೊಂದಿಗೆ ಹೊರಗೆ ಹೋಗುತ್ತಿತ್ತು.

ಅವನು ಸ್ಟೂಲನ್ನು ಒದ್ದ. ಅದು ಬಾಗಿಲಿಗೆ ಬಡಿದು ಬಿತ್ತು, ಉಳಿಗಳು ಚೆಲ್ಲಾಪಿಲ್ಲಿಯಾದವು. ಸದ್ದು ಕೇಳಿ ಒಲಿಂಡಾ ಸೌಟು ಹಿಡಿದುಕೊಂಡೇ ಬಂದಳು.

"ಎಂತ ಆಯಿತು?"

"ಎಂತ ಆಗಬೇಕಿತ್ತು ನಿನಗೆ? ಹೋಗು ಒಳಗೆ. ಈ ಮನೆಯಲ್ಲಿ ಒಂದು ಗಳಿಗೆ ನೆಮ್ಮದಿಯಿಂದ ಕೆಲಸ ಮಾಡಲು ಬಿಡುವುದಿಲ್ಲ."

"ಎಂಟು ವರ್ಷ ಆ ರಾಯರ ಮೇಲೆ ಸಿಟ್ಟು. ಇವತ್ತು ನನ್ನ ಮೇಲೆ ಯಾಕೆ? ನಾನೆಂತ ಮಾಡಿದ್ದು?"

ಅವಳು ಬಿದ್ದ ಸ್ಟೂಲನ್ನು ಎತ್ತಿ ನಿಲ್ಲಿಸಿ ಹೋದಳು. ಅವನಿಗೆ ಸಿಟ್ಟು ಇನ್ನೂ ಬಂತು. ರಾಯರ ಮೇಲೆ ಬಂತು, ಹರಕೆಯ ಮೇಲೆ ಬಂತು, ಹಲಗೆ ಎತ್ತಿ ನೋಡಿದ ಇನ್ಸ್‌ಪೆಕ್ಟರನ ಮೇಲೆ ಬಂತು. ಆದರೆ ಎಲ್ಲಿ ಹೋದರೂ ಅದು ತಿರುಗಿ ಅವನ ಹತ್ತಿರವೇ ಬಂದು ನಿಲ್ಲುತ್ತಿತ್ತು. ಕೈಯಲ್ಲಿ ಸಣ್ಣ ಅರ ಇತ್ತು. ಭತ್ತದ ಕಾಳಿನಷ್ಟು ಉದ್ದದ ಆ ಸೀಳನ್ನು ಇನ್ನೊಂದು ಕಾಳಿನಷ್ಟು ಉದ್ದ ಮಾಡಿದರೆ ಮುಗಿಯಿತು. ಎರಡು ನಿಮಿಷದ ಕೆಲಸ. ಪೆಡಲು ತಳಕ್ಕೆ ಹೋಗುತ್ತದೆ, ಪಾಪ ರಾಯರದ್ದಾಗಿಯೇ ಉಳಿಯುತ್ತದೆ, ಕೂದಲು ತೂರದ ಹಲಗೆಯ ಹೆಸರೂ ಉಳಿಯುತ್ತದೆ. ಅವನು ಅರವನ್ನು ಸೀಳಿಗೆ ಇಟ್ಟು ಒಂದು ಸಲ ಎಳೆದ. ಹಳದಿ ಪುಡಿ ಬೆರಳಿಗೆ ಅಂಟಿತು.

ಗೋಡೆಯ ಆಚೆ ಲೂಯಿಸ್ ಕೆಮ್ಮಿದ.

ಇಮ್ಯಾನುಯೆಲ್ ಅರ ಕೆಳಗಿಟ್ಟ. ಆಮೇಲೆ ಹಲಸಿನ ಮರದಿಂದ ಕಾಗದಕ್ಕಿಂತ ತೆಳ್ಳಗಿನ ಒಂದು ಚೂರು ಹೆರೆದು, ಸೀಳಿನಿಂದ ತೆಗೆದಷ್ಟನ್ನೇ ಅಲ್ಲಿ ಮತ್ತೆ ಅಂಟಿಸಿ, ದಬ್ಬೆ ಹಿಡಿದು ಅಳತೆ ಸರಿಯಾಗಿದೆಯೇ ನೋಡಿದ.

ರಾಯರು ಮೂರು ಗಂಟೆಗೆ ಬಂದರು. ಈ ಸಲ ಇಮ್ಯಾನುಯೆಲ್ ಸ್ಟೂಲು ಒರೆಸಿಕೊಟ್ಟ, ಆದರೆ ರಾಯರು ಕುಳಿತುಕೊಳ್ಳುವುದನ್ನೇ ಮರೆತರು. ಮೇಜಿನ ಮೇಲಿದ್ದ ಹಸಿರು ಫೋರ್ಡನ್ನು ನೋಡಿ ಅವರ ಕೈಗಳು ತಾವಾಗಿ ಕೂಡಿದವು. ಹಿಂದಿನ ಸೀಟಿನ ಎಡ ಮೂಲೆಯನ್ನು ಬಗ್ಗಿ ನೋಡಿದರು. ಮನೋರಮಾ ಕುಳಿತಿದ್ದ ಜಾಗ.

"ಅದೇ," ಎಂದರು. "ಅದೇ ಕಾರು."

"ಹೌದು, ಅದೇ. ಸ್ವಲ್ಪ ನಿಲ್ಲಿ. ಲೂಯಿಸ್, ಬಾ ಇಲ್ಲಿ."

ಲೂಯಿಸ್ ಬಾಗಿಲವರೆಗೆ ಬಂದು ನಿಂತ. ನಲವತ್ತು ದಾಟದ ಅವನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಾರನ್ನು ನೋಡಿದ್ದೇ ಹಿಂದೆ ಸರಿದ.

"ಒಳಗೆ ಬೆರಳು ಹಾಕು. ಬ್ರೇಕು ತುಳಿ," ಎಂದ ಇಮ್ಯಾನುಯೆಲ್.

"ನನಗೆ ಬೇಡ."

"ತುಳಿ ಮಾರಾಯ. ಒಂದು ಸಲ."

ಲೂಯಿಸ್ ಹತ್ತಿರ ಬಂದ. ಬಾಗಿಲು ತೆರೆದು ಕಿರುಬೆರಳು ತೂರಿಸಿದ. ಒತ್ತಿದ. ಪೆಡಲು ಅರ್ಧಕ್ಕೆ ಹೋಗಿ ನಿಂತಿತು. ಅವನು ಬೆರಳು ತೆಗೆಯಲಿಲ್ಲ. ಮತ್ತೆ ಒತ್ತಿದ. ಬೆರಳ ತುದಿ ಬಿಳಿಚಿಕೊಳ್ಳುವವರೆಗೆ ಒತ್ತಿದ.

"ಇಲ್ಲಿಯೇ," ಎಂದ. "ಇಲ್ಲಿಯೇ ನಿಂತದ್ದು."

ರಾಯರಿಗೆ ಅರ್ಥವಾಗಲಿಲ್ಲ. ಇಮ್ಯಾನುಯೆಲ್ ಹಲಗೆ ಎತ್ತಿ ಪಕ್ಕಕ್ಕಿಟ್ಟ. "ಈಗ ಒತ್ತು," ಎಂದ. ಪೆಡಲು ತಳದವರೆಗೆ ಹೋಯಿತು. "ಇನ್ಸ್‌ಪೆಕ್ಟರು ನೋಡಿದ್ದು ಹೀಗೆ, ಹಲಗೆ ಇಲ್ಲದೆ. ಹಲಗೆ ಹಾಕಿದರೆ ಸೀಳಿನ ತುದಿಗೆ ತಾಗುತ್ತದೆ. ಮೂರೂವರೆ ಇಂಚು ಬೇಕಿದ್ದಲ್ಲಿ ಎರಡೇ ಇಂಚು ಕೊರೆದದ್ದು. ಕೊರೆದದ್ದು ನಾನು. ದಬ್ಬೆ ಇಲ್ಲಿಯೇ ಉಂಟು, ನೋಡಿ. ಬ್ರೇಕು ನೀವು ಆಮೇಲೆ ಸರಿಮಾಡಿಸಿಟ್ಟದ್ದಲ್ಲ. ಇವನು ಕುಡಿದದ್ದೂ ಅಲ್ಲ."

ರಾಯರ ಕೊರಳಿನ ನರ ಉಬ್ಬಿತು.

"ಎಂಟು ವರ್ಷ," ಎಂದರು. "ಎಂಟು ವರ್ಷ ಸ್ಟ್ಯಾಂಡಿನಲ್ಲಿ ನನ್ನ ಬೆನ್ನ ಹಿಂದೆ ಜನ ಮಾತಾಡಿದರು. ಭೋಜನನ್ನು ಕೊಂದದ್ದು ರಾಯರು, ಕೊಂದು ಮುಚ್ಚಿ ಹಾಕಿದರು ಅಂತ. ಮಗಳನ್ನು ನೋಡಲು ಬಂದ ಒಂದು ಕಡೆಯವರು ಅದೇ ಮಾತು ಕೇಳಿ ವಾಪಸು ಹೋದರು. ಅದನ್ನು ಊರಿಡೀ ಹಂಚಿದ್ದು ನೀವು ಪೊರ್ಬುಗಳೇ."

"ಹೌದು."

"ಹೌದು ಅಂದರೆ ಆಯಿತಾ? ನಾನು ನಿಮ್ಮನ್ನು ಎಂತ ಮಾಡಬೇಕು ಈಗ?"

"ಏನು ಬೇಕಾದರೂ ಮಾಡಿ."

"ನೀವೂ ಹೇಳಿದಿರಿ ರಾಯರೇ," ಎಂದ ಲೂಯಿಸ್. ಅವನು ದನಿ ಎತ್ತಲಿಲ್ಲ, ಆದರೆ ರಾಯರು ತಿರುಗಿ ನೋಡಿದರು. "ಕೋರ್ಟಿನಲ್ಲಿ ನಿಂತು ಹೇಳಿದಿರಿ. ಡ್ರೈವರು ಕುಡಿಯುವವನು ಅಂತ. ಆರು ವರ್ಷ ನಿಮ್ಮ ಮಕ್ಕಳನ್ನು ಶಾಲೆಗೆ ಬಿಟ್ಟವನು ನಾನು."

ರಾಯರು ಈಗ ಹೋಗಿ ಸ್ಟೂಲಿನ ಮೇಲೆ ಕುಳಿತರು.

ಲೂಯಿಸ್ ಅಣ್ಣನ ಕಡೆ ತಿರುಗಿದ. ಇಮ್ಯಾನುಯೆಲ್ ಹೊಡೆತಕ್ಕೆ ಸಿದ್ಧನಾಗಿಯೇ ನಿಂತಿದ್ದ. ಹೊಡೆದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ.

"ಕಣ್ಣೂರಿಗೆ ನನ್ನನ್ನು ನೋಡಲು ಬಂದಿದ್ದಿ. ಜೈಲಿನ ಸರಳು ಹಿಡಿದುಕೊಂಡು ಕೇಳಿದಿ, ನಿಜ ಹೇಳು, ಕುಡಿದಿದ್ದಿಯಾ ಅಂತ. ಪೊಲೀಸರು ಕೇಳಿದಾಗ ನನಗೆ ಸಿಟ್ಟು ಬರಲಿಲ್ಲ. ವಕೀಲರು ಕೇಳಿದಾಗಲೂ ಬರಲಿಲ್ಲ. ಊರೆಲ್ಲ ನನ್ನ ಪರವಾಗಿ ಜಗಳ ಮಾಡಿ ಬಂದು, ಮನೆಯಲ್ಲಿ ಸಾರಾಯಿ ಬಾಟಲಿ ಇದೆಯಾ ಅಂತ ನನ್ನ ಹಾಸಿಗೆ ಮಡಚಿ ನೋಡುತ್ತಿದ್ದವನು ನೀನು. ನಾನು ಕಣ್ಣು ಮುಚ್ಚಿ ಮಲಗಿರುತ್ತಿದ್ದೆ."

"ಲೂಯಿಸ್, ನನ್ನದು ತಪ್ಪಾಯಿತು. ನಾನು—"

"ಈಗ ಏನೂ ಹೇಳಬೇಡ. ನೀನು ಹೇಳಿದರೆ ನಾನು ಕೇಳಬೇಕಾಗುತ್ತದೆ. ಕೇಳುವ ಮನಸ್ಸಿಲ್ಲ ನನಗೆ."

ರಾಯರು ಎದ್ದು ನಿಂತು, ಕಾರಿನ ಮೇಲೆ ಕೈಯಿಟ್ಟು, ಇಬ್ಬರ ಮುಖವನ್ನೂ ನೋಡದೆ ಕೇಳಿದರು, "ಇದನ್ನು ಹೀಗೆಯೇ ಇಡುವುದಾ? ಆ ಸೀಳನ್ನು ಸ್ವಲ್ಪ ಸರಿ ಮಾಡಿ ಕೊಟ್ಟರೆ... ದೇವರ ಮುಂದೆ ಇಡುವುದಲ್ವಾ."

"ಬೇಡ. ಇದ್ದ ಹಾಗೆಯೇ," ಎಂದ ಲೂಯಿಸ್.

ಅವನು ಹಲಗೆಯನ್ನು ತಾನೇ ಎತ್ತಿಕೊಂಡು ಜಾಗದಲ್ಲಿ ಕೂರಿಸಿದ. ಅದು ಚಕ್ ಎಂದು ಸದ್ದು ಮಾಡಿ ಕೂತಿತು. ಅಷ್ಟು ಚೊಕ್ಕವಾಗಿ ಕೂತಿತು. ಆಮೇಲೆ ಕಾರನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಒತ್ತಿಕೊಂಡ.

"ಅತ್ತೂರಿಗೆ ಆಮೇಲೆ ಹೋಗುವ ರಾಯರೇ. ಮೊದಲು ಉಚ್ಚಿಲಕ್ಕೆ ಹೋಗಬೇಕು. ಭೋಜನ ತಾಯಿ ಅಲ್ಲಿ ಇದ್ದಾರೆ. ದಾರಿಯಲ್ಲಿ ನನ್ನನ್ನು ಕಂಡರೆ ಉಗುಳುತ್ತಾರೆ. ಅವರು ಇದನ್ನು ಒತ್ತಿ ನೋಡಬೇಕು."

"ಅವರಿಗೆ ಇದು ಅರ್ಥ ಆಗುತ್ತದಾ?"

"ಬೆರಳಿಗೆ ತಾಗುತ್ತದಲ್ಲ."

ರಾಯರು ಬಾಗಿಲ ಕಡೆ ನಡೆದರು. "ಬಾ," ಎಂದರು.

ಹೊರಗೆ ರಾಯರ ಹೊಸ ಅಂಬಾಸಿಡರ್ ನಿಂತಿತ್ತು. ಡ್ರೈವರ್ ಹಿಂದಿನ ಬಾಗಿಲು ತೆರೆದ. ಲೂಯಿಸ್ ಅದನ್ನು ನೋಡಲೇ ಇಲ್ಲ. ಮುಂದಿನ ಬಾಗಿಲು ತಾನೇ ತೆರೆದು, ಡ್ರೈವರನ ಪಕ್ಕದಲ್ಲಿ ಕುಳಿತು, ಹಸಿರು ಫೋರ್ಡನ್ನು ತೊಡೆಯ ಮೇಲಿಟ್ಟುಕೊಂಡ. ಅಂಗಳದ ತುದಿಯಲ್ಲಿ ಒಲಿಂಡಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಮೈದುನ ಕಾರು ಹತ್ತಿದ್ದನ್ನು ಎಂಟು ವರ್ಷಗಳಲ್ಲಿ ಅವಳು ನೋಡಿರಲಿಲ್ಲ.

ಇಮ್ಯಾನುಯೆಲ್ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ. ಹಿಂದಿನ ಬಾಗಿಲಿಗೆ ಕೈ ಹಾಕಿದ.

"ನೀನು ಬರುವುದು ಬೇಡ," ಎಂದ ಲೂಯಿಸ್, ತಿರುಗಿ ನೋಡದೆ.

ಇಮ್ಯಾನುಯೆಲ್ ಕೈ ತೆಗೆದ. ಕಾರು ಹೊರಟಿತು. ಮನೆಯಿಂದ ದೊಡ್ಡ ರಸ್ತೆಗೆ ಒಂದು ಕಡಿದಾದ ಇಳಿಜಾರಿದೆ, ಜಂಬಿಟ್ಟಿಗೆ ನೆಲವನ್ನು ಕಡಿದು ಮಾಡಿದ ಕಣಿಯ ನಡುವೆ. ಅವನು ಅಂಗಳದ ತುದಿಯವರೆಗೆ ನಡೆದು ನಿಂತ. ಅಡಕೆ ದಬ್ಬೆ ಇನ್ನೂ ಕೈಯಲ್ಲೇ ಇತ್ತು. ಅಂಬಾಸಿಡರ್ ವೇಗವಾಗಿ ಇಳಿಯಿತು, ಇಳಿಜಾರಿನ ಬುಡದಲ್ಲಿ ಹಿಂದಿನ ಕೆಂಪು ದೀಪಗಳು ಹೊತ್ತಿಕೊಂಡವು, ಕಾರು ನಿಂತಿತು. ಒಂದು ಬಸ್ಸು ಹಾದುಹೋಯಿತು. ದೀಪಗಳು ಆರಿದವು, ಕಾರು ಕಾಪುವಿನ ಕಡೆ ತಿರುಗಿತು. ಇಮ್ಯಾನುಯೆಲ್ ಆ ಇಳಿಜಾರಿನ ಬುಡವನ್ನು ನೋಡುತ್ತ ಅಲ್ಲಿಯೇ ನಿಂತಿದ್ದ.